ಅಣ್ತಮ್ಮರ ಅಂಗಡಿಯ ಬಾಡಿನ ಪುಡಿ

ಜನ್ಮದಲ್ಲಿ ಮಾಂಸದ ಚೂರು ಬಾಯಿಗಿಡದ ಅಣ್ಣತಮ್ಮಂದಿರಿಬ್ಬರು ಬಾಡಿನ ಸಾರಿನ ಪುಡಿ ಮಾರಿ ಮೂರು ತಾಲ್ಲೂಕಿನಲ್ಲಿ ಹೆಸರು ಮಾಡಿದರು ಎಂದರೆ ಬೇರೆ ಸೀಮೆಯವರು ನಕ್ಕುಬಿಟ್ಟಾರು. ನಗಲಿ ಬಿಡಿ. ಮಧುಗಿರಿಯವರು ನಗುವುದಿಲ್ಲ, ಅವರಿಗೆ ಅದು ರೂಢಿಯಾಗಿ ಹೋಗಿದೆ. ಮನೆಗೆ ನೆಂಟರು ಬಂದರೆ, ಹಟ್ಟಿಯಲ್ಲಿ ಮರಿ ಕಡಿದರೆ, ಮೊದಲು ಓಡುವುದು ಅಣ್ತಮ್ಮರ ಅಂಗಡಿಗೆ. ಅಂಗಡಿಯ ಬೋರ್ಡಿನ ಮೇಲೆ ಅವರ ಕುಲದೇವತೆಯ ಹೆಸರಿದೆಯಂತೆ. ಅದನ್ನು ಓದಿದವರು ಇನ್ನೂ ಯಾರೂ ಸಿಕ್ಕಿಲ್ಲ.

ನೇಮಾರಾಮ್ ದೊಡ್ಡವನು, ಪೂನಾರಾಮ್ ಚಿಕ್ಕವನು. ಇಬ್ಬರೂ ರಾಜಸ್ಥಾನದ ಪಾಲಿ ಜಿಲ್ಲೆಯ ಕಡೆಯವರು. ಮೀಸೆ ಚಿಗುರುವ ಮೊದಲೇ ಅಣ್ಣ ಮಧುಗಿರಿಗೆ ಬಂದು ಸಂಬಂಧಿಕರೊಬ್ಬರ ಅಂಗಡಿಯಲ್ಲಿ ಮೂಟೆ ಹೊತ್ತ, ಪೊಟ್ಟಣ ಕಟ್ಟಿದ, ಆಮೇಲೆ ಸ್ವಂತಕ್ಕೆ ಒಂದು ಗೂಡಂಗಡಿ ಇಟ್ಟು ಊರಿನಿಂದ ತಮ್ಮನನ್ನು ಕರೆಸಿಕೊಂಡ. ಈಗ ನೇಮಾರಾಮನ ಕನ್ನಡ ಕೇಳಿದರೆ ದಂಡಿನದಿಬ್ಬದ ಸಂತೆಯಲ್ಲಿ ಹುಟ್ಟಿದವನು ಎನ್ನಬೇಕು. ಜನ ಅವನನ್ನು ದೊಡ್ ಸೇಟು ಎಂದರು, ತಮ್ಮನನ್ನು ಚಿಕ್ ಸೇಟು ಎಂದರು. ತಲೆಯಲ್ಲಿ ಬಿಳಿಕೂದಲು ಬಂದರೂ ಚಿಕ್ ಸೇಟು ಚಿಕ್ ಸೇಟಾಗಿಯೇ ಉಳಿದ.

ಬಾಡಿನ ಪುಡಿ ಅವರ ಕೈಗೆ ಬಂದದ್ದು ಒಂದು ಬೈಗುಳದಿಂದ. ಹೊಳವನಹಳ್ಳಿ ಕಡೆಯ ಹಟ್ಟಿಯ ಕರಿಯಕ್ಕ ಮಧುಗಿರಿಯ ಮಗಳ ಮನೆಗೆ ಬಂದಾಗ ಇವರ ಅಂಗಡಿಯ ಮಸಾಲೆ ಕೊಂಡು ಸಾರು ಮಾಡಿದಳು. ಮಾರನೆಯ ದಿನ ಉಳಿದ ಪೊಟ್ಟಣವನ್ನು ತಂದು ಕಟ್ಟೆಯ ಮೇಲೆ ಕುಕ್ಕಿ, ಇದನ್ನು ಸಾರಿಗೆ ಹಾಕುವುದೋ ಗೋಡೆಗೆ ಬಳಿಯುವುದೋ ಎಂದು ಕೇಳಿದಳು. ಅಣ್ಣನಿಗೆ ಸಿಟ್ಟು ಬರಲಿಲ್ಲ. ಬೈಯುವ ಗಿರಾಕಿಯನ್ನು ಬಿಡಬಾರದು ಎನ್ನುವುದು ಅವನ ಕಸುಬಿನ ಮಾತು. ಹಾಗಾದರೆ ನೀನೇ ಮಾಡಿಕೊಡು ತಾಯಿ ಎಂದ. ಕರಿಯಕ್ಕ ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಕಲ್ಲುಹೂವು ಎಲ್ಲ ಕೇಳಿ ಪಡೆದು, ಹುರಿದು, ಕುಟ್ಟಿ ಕೊಟ್ಟಳು. ಆ ವರ್ಷದಿಂದ ಇವತ್ತಿನವರೆಗೂ ಪುಡಿ ಅವಳದೇ.

ಆದರೆ ಪುಡಿಗೆ ಅಂಗಡಿಯೊಳಗೆ ಜಾಗ ಸಿಗಲಿಲ್ಲ. ತಾಯಿ ಊರಿನಿಂದ ಬಂದಾಗ ಅಣ್ಣ ಅವರಿಗೆ ಮಾತು ಕೊಟ್ಟಿದ್ದ. ಹೊಟ್ಟೆಪಾಡು, ಮಾರುತ್ತೇವೆ, ಆದರೆ ನಾವು ಉಣ್ಣುವ ಬೇಳೆ ಸಕ್ಕರೆಯ ಪಕ್ಕ ಇಡುವುದಿಲ್ಲ ಎಂದು. ಮಧುಗಿರಿಯಲ್ಲಿ ಹಿಂದಿನ ಗೋದಾಮಿನ ಒಂದು ಮೂಲೆ ಅದಕ್ಕೆ ಮೀಸಲಾಯಿತು. ಶಿರಾದಲ್ಲಿ ಅಣ್ಣನ ದೊಡ್ಡ ಮಗ ಅಂಗಡಿ ತೆರೆದ, ಕೊರಟಗೆರೆಯಲ್ಲಿ ಎರಡನೆಯವನು ತೆರೆದ. ಅಲ್ಲಿಯೂ ಪುಡಿಗೆ ಬೇರೆ ಕೋಣೆ, ಬೇರೆ ತಕ್ಕಡಿ. ಪುಡಿ ಮುಟ್ಟಿದ ಕೈ ತೊಳೆದೇ ಬೆಲ್ಲ ಮುಟ್ಟಬೇಕು.

ಇಬ್ಬರು ಹುಡುಗರಿಗೂ ಒಂದೊಂದು ಅಂಗಡಿಯಾದ ಮೇಲೆ ಪೂನಾರಾಮನ ಮನಸ್ಸಿನಲ್ಲಿ ಒಂದು ಲೆಕ್ಕ ಶುರುವಾಯಿತು. ತಾನು ಎತ್ತಿ ಆಡಿಸಿದ ಹುಡುಗರು ಗಲ್ಲಾದ ಮುಂದೆ ಕೂತಿದ್ದಾರೆ, ತಾನು ಇನ್ನೂ ಅಣ್ಣನ ಎಡಗಡೆ ನಿಂತು ಅವರೇಬೇಳೆ ಅಳೆಯುತ್ತಿದ್ದೇನೆ. ಅಣ್ಣನ ಮೇಲೆ ಅವನಿಗೆ ಕೋಪವಿರಲಿಲ್ಲ. ಅಣ್ಣ ಉಣ್ಣದೆ ತಮ್ಮನಿಗೆ ಉಣಿಸಿದವನು. ಆದರೂ ಒಂದು ಅಂಗಡಿ, ಇದು ಪೂನಾರಾಮನದು ಎಂದು ಊರು ಹೇಳುವಂಥ ಒಂದೇ ಒಂದು ಅಂಗಡಿ ಬೇಕು ಅನ್ನಿಸಿತ್ತು. ಕೊನೆಗೆ ಧೈರ್ಯ ಮಾಡಿ ಪಾವಗಡದಲ್ಲಿ ತನಗೊಂದು ಅಂಗಡಿ ಕೇಳಿದ.

ಅಣ್ಣ ಮೊದಲು, ವ್ಯಾಪಾರಕ್ಕೆ ಬಾಯಿ ಬೇಕು, ನಿನಗೆ ಅದೊಂದು ದೇವರು ಕೊಡಲಿಲ್ಲ ಎಂದ. ಆಮೇಲೆ ಒಪ್ಪಿದ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಆವತ್ತು ಬಾಡಿನ ಸಾರು ಕುದಿಯದ ಒಲೆಯೇ ಈ ಸೀಮೆಯಲ್ಲಿ ಕಡಿಮೆ. ಅಲ್ಲಿಯವರೆಗೆ ನೋಡೋಣ, ಅಷ್ಟರಲ್ಲಿ ಅಂಗಡಿ ನಿಲ್ಲದಿದ್ದರೆ ಬೀಗ ಹಾಕಿ ಮಧುಗಿರಿಗೆ ಬಂದುಬಿಡು ಎಂದ. ಅಂಗಡಿ ನಿಂತಿತೋ ಇಲ್ಲವೋ ಎಂದು ಅಣ್ಣ ಅಳೆಯುವುದು ಬಾಡಿನ ಪುಡಿಯಿಂದ. ಪುಡಿ ಕೊಂಡವರು ಬೆಳ್ಳುಳ್ಳಿ, ಕೊಬ್ಬರಿ, ಎಣ್ಣೆ, ಅಕ್ಕಿ ಎಲ್ಲವನ್ನೂ ಅಲ್ಲೇ ಕೊಳ್ಳುತ್ತಾರೆ. ಪುಡಿ ಹೋಗದ ಅಂಗಡಿ ಬೇರು ಬಿಡದ ಗಿಡ ಎಂದು ಅವನ ಲೆಕ್ಕ.

ಸಂಕ್ರಾಂತಿ ಕಳೆದ ಮೇಲೆ ಪಾವಗಡದಲ್ಲಿ ಅಂಗಡಿ ಶುರುವಾಯಿತು. ಶನಿದೇವರ ಗುಡಿಗೆ ಹೋಗುವ ದಾರಿಯಲ್ಲಿ ಜಾಗ ಸಿಕ್ಕಿತ್ತು. ಕಿರಿದು, ಆದರೆ ಜನ ಓಡಾಡುವ ಬೀದಿ. ಶನಿವಾರ ಬಂತೆಂದರೆ ಆಂಧ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ. ಪೂನಾರಾಮ್ ಎಳ್ಳೆಣ್ಣೆ, ಕರ್ಪೂರ, ಊದುಬತ್ತಿ ಧಾರಾಳವಾಗಿ ತುಂಬಿಸಿದ. ಅವೆಲ್ಲ ಚೆನ್ನಾಗಿಯೇ ಹೋದವು. ಅರ್ಧ ತೆಲುಗು ಅರ್ಧ ಕನ್ನಡದ ಮಾತೂ ನಾಲಿಗೆಗೆ ಹತ್ತಿತು. ಹೆಂಡತಿ ಮಕ್ಕಳನ್ನು ಯುಗಾದಿಯಾದ ಮೇಲೆ ಕರೆತರುವುದೆಂದು ಮನೆಯನ್ನೂ ನೋಡಿಟ್ಟ.

ಹೋಗದಿದ್ದದ್ದು ಪುಡಿ ಒಂದೇ. ಮೊದಲ ಸಲ ಎಲ್ಲರೂ ಕೊಂಡರು, ಮಧುಗಿರಿಯ ಹೆಸರು ಕೇಳಿದ್ದರಲ್ಲ. ಎರಡನೆಯ ಸಲ ಒಬ್ಬರೂ ಕೇಳಲಿಲ್ಲ. ಪುಡಿ ಹೆಂಗಿತ್ತಮ್ಮ ಎಂದು ಇವನೇ ವಿಚಾರಿಸಿದರೆ, ಚೆನ್ನಾಗೈತೆ ಸೇಟು ಎಂದು ಹೇಳಿ, ಸೂರಿನ ಕಡೆ ನೋಡಿ, ಬೆಂಕಿಪೊಟ್ಟಣ ಕೊಂಡು ಹೊರಟುಬಿಡುತ್ತಿದ್ದರು. ಬಾಡಿನ ಸಾಮಾನಿಗೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಚೆನ್ನಾಗಿದ್ದರೆ ಕೊಳ್ಳಲು ಇವರಿಗೇನು ಧಾಡಿ ಎಂದು ಪೂನಾರಾಮ್ ಒಳಗೊಳಗೇ ಕುದ್ದ. ಪಾವಗಡದವರು ಖಾರದ ಜನ, ಅದಕ್ಕೇ ಇರಬೇಕು ಎಂದು ಗುಂಟೂರು ಮೆಣಸಿನ ಪುಡಿ ಬೆರೆಸಿದ. ಅದನ್ನೂ ಯಾರೂ ಮೂಸಲಿಲ್ಲ. ಸಂಜೆಯಾದರೆ ಅಣ್ಣನ ಫೋನು ಬರುತ್ತಿತ್ತು. ಊಟ ಆಯಿತಾ ಎಂದು ಕೇಳುವ ಮೊದಲೇ, ಪುಡಿ ಹೋಯಿತಾ ಎಂದು ಕೇಳುತ್ತಿದ್ದ.

ಕರಿಯಕ್ಕನನ್ನು ಕೇಳಿದರೆ, ನನ್ನ ಪುಡಿಯಲ್ಲಿ ಐಬು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂದು ಫೋನು ಇಟ್ಟಳು. ಅವಳ ಮಾತೂ ನಿಜವೇ. ಅದೇ ಪುಡಿ ಶಿರಾದಲ್ಲಿ, ಕೊರಟಗೆರೆಯಲ್ಲಿ ತಂದಷ್ಟೂ ಖರ್ಚಾಗುತ್ತಿತ್ತು. ತಪ್ಪು ಪುಡಿಯದಲ್ಲ ಎಂದರೆ ಮಾರುವವನದು. ಹಾಗೆಂದು ಅಣ್ಣ ಬಾಯಿಬಿಟ್ಟು ಹೇಳಲಿಲ್ಲ, ಹೇಳದಿದ್ದರೂ ಪೂನಾರಾಮನಿಗೆ ಕೇಳಿಸಿತು.

ಯುಗಾದಿಗೆ ಇನ್ನೊಂದು ವಾರವಿದೆ ಎನ್ನುವಾಗ ಆಂಜಿನಮ್ಮ ಉಪ್ಪು ಕೊಳ್ಳಲು ಬಂದಳು. ಅಂಗಡಿಯ ಬೆನ್ನಿಗೇ ಅವಳ ಮನೆ. ಗಂಡ ಪೆದ್ದಣ್ಣ ಸೋಲಾರ್ ಪ್ಲಾಂಟಿನಲ್ಲಿ ಕಾವಲು ಕೆಲಸಕ್ಕೆ ಹೋಗುತ್ತಿದ್ದ. ಮಾತಿನಲ್ಲಿ ಮುಲಾಜಿಲ್ಲದ ಹೆಂಗಸು, ಆದರೆ ಪುಡಿಯ ವಿಷಯಕ್ಕೆ ಅವಳೂ ಸೂರು ನೋಡುತ್ತಿದ್ದಳು. ಪೂನಾರಾಮನಿಗೆ ಇನ್ನು ತಡೆಯಲಾಗಲಿಲ್ಲ. ಉಪ್ಪಿನ ಪ್ಯಾಕೆಟ್ಟನ್ನು ಕೈಯಲ್ಲೇ ಹಿಡಿದುಕೊಂಡುಬಿಟ್ಟ.

“ನನ್ ಅಂಗಡಿ ಹೋಗ್ತದೆ ಕಣಮ್ಮ. ಪುಡಿ ಯಾಕೆ ಬ್ಯಾಡ ಅಂತ ಒಬ್ರಾದ್ರೂ ಹೇಳ್ರಿ.”

ಆಂಜಿನಮ್ಮ ಅವನ ಮುಖ ನೋಡಿದಳು. ಅವಳಿಗೆ ಪಾಪ ಅನ್ನಿಸಿತು.

“ಹೆಂಗಪ್ಪಾ ಹೇಳದು? ನೀನು ತಿನ್ನದೋನು. ನಿನ್ ಮುಂದೆ ಬಾಡಿನ ಮಾತಾಡಿದ್ರೆ ನಿನಗೆ ಹೇಸಿಗೆ ಆಗಲ್ವಾ? ಊರೋರೆಲ್ಲ ಅಂಗೇ ಅಂದ್ಕಂಡವ್ರೆ.”

ಪೂನಾರಾಮ್ ಉಪ್ಪನ್ನು ಅವಳ ಕೈಗಿಟ್ಟ. ತನ್ನ ಮನಸ್ಸು ನೋಯಬಾರದೆಂದು ಇಡೀ ಬೀದಿ ಬಾಯಿಗೆ ಬೀಗ ಹಾಕಿಕೊಂಡಿದೆ, ಆ ಮರ್ಯಾದೆಯಲ್ಲೇ ತನ್ನ ಅಂಗಡಿ ಮುಳುಗುತ್ತಿದೆ! ಆಯಿತು, ಈಗಲಾದರೂ ಏನು ಕೊರತೆ ಎಂದು ಹೇಳಿ ಎಂದ. ಆಂಜಿನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅದನ್ನು ಬಾಯಲ್ಲಿ ಹೇಳಿದರೆ ದೇವರು ಮುನಿದಾನು ಎಂದಳು.

“ನುವ್ವೇ ತಿನಿ ಚೂಡು ನಾಯನಾ. ಉಂಡ್ ನೋಡಿದ್ರೆ ನಿನಗೇ ಗೊತ್ತಾಯ್ತದೆ.”

ಅವನು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಕಂಡು ಅವಳಿಗೆ ಇನ್ನಷ್ಟು ನಗು ಬಂತು. ಬಾಡು ಯಾರು ತಿನ್ನು ಅಂದರು, ಒಣ ಅವರೆಕಾಳು ನೆನೆಹಾಕಿದ್ದೇನೆ, ಅದಕ್ಕೇ ನಿನ್ನ ಪುಡಿ ಹಾಕುತ್ತೇನೆ, ಮಧ್ಯಾಹ್ನ ಬಾ ಎಂದಳು. ಪಾತ್ರೆಯ ಅನುಮಾನ ಬೇಡ, ಮಗಳ ಮದುವೆಗೆ ಅಂತ ತೆಗೆದಿಟ್ಟ ಹೊಸ ಸ್ಟೀಲಿನದಿದೆ, ಅದರಲ್ಲೇ ಮಾಡುತ್ತೇನೆ ಎಂದೂ ಹೇಳಿದಳು. ಮಗಳಿಗೆಂದು ಇಟ್ಟ ಪಾತ್ರೆಯನ್ನು ಬೇರೆ ದೇಶದಿಂದ ಬಂದ ಒಬ್ಬ ಅಂಗಡಿಯವನಿಗಾಗಿ ಅಟ್ಟದಿಂದ ಇಳಿಸುತ್ತಾಳೆ ಎಂದರೆ ಏನು ಹೇಳುವುದು! ಪೂನಾರಾಮನಿಗೆ ಇಲ್ಲ ಎನ್ನಲು ಮುಖವಿರಲಿಲ್ಲ.

ಮಧ್ಯಾಹ್ನ ಅವಳ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತ. ಬಾಳೆಲೆಯ ಮೇಲೆ ಬಿಸಿ ಮುದ್ದೆ, ಪಕ್ಕದಲ್ಲಿ ಕಾಳಿನ ಸಾರು. ಪೆದ್ದಣ್ಣ ಬಾಗಿಲಿಗೊರಗಿ ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ. ಪೂನಾರಾಮ್ ಮನಸ್ಸಿನಲ್ಲೇ ತಾಯಿಯನ್ನು ನೆನೆದು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ.

ಮೊದಲು ಖಾರ ಹತ್ತಿತು. ಅದರ ಹಿಂದೆಯೇ ಮೂಗಿನೊಳಗೆ ಗುಡಿಯ ಗಂಟೆ ಬಾರಿಸಿದಂತಾಯಿತು. ಮಂಗಳಾರತಿಯ ಹೊತ್ತಿಗೆ ಗರ್ಭಗುಡಿಯ ಬಾಗಿಲಲ್ಲಿ ಬಾಯಿ ತೆರೆದು ನಿಂತರೆ ಹೇಗಿರುತ್ತದೋ ಹಾಗಿತ್ತು ಆ ಸಾರು. ಕರ್ಪೂರ, ಮಲ್ಲಿಗೆ ಊದುಬತ್ತಿ, ಕೊನೆಗೆ ಎಲ್ಲೋ ದೂರದಲ್ಲಿ ಒಂದಿಷ್ಟು ಲವಂಗ.

ಪೂನಾರಾಮನಿಗೆ ತಟ್ಟನೆ ಎಲ್ಲವೂ ಹೊಳೆಯಿತು. ಅಣ್ಣನ ಕಟ್ಟಳೆಯಂತೆ ಪುಡಿಯನ್ನು ಬೇಳೆ ಬೆಲ್ಲದಿಂದ ದೂರ ಇಡಬೇಕಿತ್ತು. ಮಧುಗಿರಿಯಂಥ ಗೋದಾಮು ಇಲ್ಲಿರಲಿಲ್ಲ, ಹಿಂದೆ ಇದ್ದದ್ದು ಒಂದೇ ಕಿರುಕೋಣೆ. ಆ ಕೋಣೆಯ ತುಂಬ ಶನಿವಾರದ ಕರ್ಪೂರ, ಊದುಬತ್ತಿಯ ಪೆಟ್ಟಿಗೆಗಳು. ಪುಡಿಯ ಬಟ್ಟೆಚೀಲಗಳನ್ನು ಅವುಗಳ ನಡುವೆಯೇ ಒಟ್ಟಿದ್ದ. ಅಂಗಡಿಯಲ್ಲಿ ಬೆಳಗ್ಗೆ ಸಂಜೆ ಊದುಬತ್ತಿಯ ಹೊಗೆ ಕುಡಿದ ಮೂಗು ಅವನದು, ಅದಕ್ಕೆ ವ್ಯತ್ಯಾಸವೇ ತಿಳಿದಿರಲಿಲ್ಲ. ಪುಡಿಯಲ್ಲಿ ಮಾಂಸದ ಎಳೆಯೂ ಇಲ್ಲ. ಅದೇ ಧನಿಯಾ, ಅದೇ ಚಕ್ಕೆ ಅವನ ಮನೆಯ ಅಡುಗೆಯಲ್ಲೂ ಬೀಳುತ್ತವೆ. ಬಾಡಿನ ಹೆಸರು ಹೊತ್ತ ತಪ್ಪಿಗೆ ಪುಡಿಯನ್ನು ಮೂಲೆಗೆ ತಳ್ಳಿ, ಊರಿನವರ ಸಾರಿಗೆಲ್ಲ ಮಂಗಳಾರತಿ ಎತ್ತಿದ್ದ!

ಅವನಿಗೆ ನಗು ಬಂತು. ತಡೆಯಲು ನೋಡಿದರೆ ಮುದ್ದೆ ನೆತ್ತಿಗೇರಿತು. ಆಂಜಿನಮ್ಮ ನೀರು ಕೊಟ್ಟು ತಲೆಯ ಮೇಲೆ ತಟ್ಟಿದಳು. ಮೊದಲ ಸಲ ಈ ಪುಡಿಯ ಸಾರುಂಡು ಎದ್ದ ಪೆದ್ದಣ್ಣ ಕೈ ತೊಳೆಯದೆ ಕೈ ಮುಗಿದುಬಿಟ್ಟಿದ್ದ ಎಂದು ಅವಳು ಹೇಳಿದ್ದೇ, ಮೂವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಗು ಇಳಿದ ಮೇಲೆ, ಹೊಸತೊಡಕಿಗೆ ದಿನವಿಲ್ಲ ಎಂದು ಭಯ ಹತ್ತಿತು. ಚೀಲಗಳನ್ನು ಆಂಜಿನಮ್ಮನ ತಿಪ್ಪೆಗೆ ಸುರಿಸಿದ, ಆ ತಿಪ್ಪೆ ಒಂದು ವಾರ ಗುಡಿಯ ವಾಸನೆ ಹೊಡೆಯಿತು. ಕರಿಯಕ್ಕನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಹೊಸ ಪುಡಿ ತರಿಸಿದ. ಈಗ ಅದನ್ನು ಇಡುವುದೆಲ್ಲಿ? ಹಿಂದಿನ ಕೋಣೆ ಆಗದು, ಬೀದಿಯಲ್ಲಿ ಇಡಲಾಗದು. ಉಳಿದದ್ದು ಅಂಗಡಿಯ ಮುಂಭಾಗ. ಸಕ್ಕರೆ, ಬೆಲ್ಲ, ಗೋಧಿಹಿಟ್ಟಿನ ಸಾಲು, ಅದರ ಮೇಲೆ ಕುಲದೇವತೆಯ ಫೋಟೊ. ಅಣ್ಣ ತಾಯಿಗೆ ಕೊಟ್ಟ ಮಾತು ಅವನಿಗೆ ಗೊತ್ತಿರಲಿಲ್ಲವೇ? ಫೋನು ಮಾಡಿ ಕೇಳೋಣ ಎಂದು ಕೈಗೆತ್ತಿಕೊಂಡ. ಕೇಳಿದರೆ ಅಣ್ಣ ಬೇಡ ಎನ್ನುತ್ತಾನೆ, ಬೇಡ ಎಂದ ಮೇಲೆ ಮೀರಲು ತನ್ನಿಂದಾಗದು. ಫೋನನ್ನು ಕೆಳಗಿಟ್ಟು, ಫೋಟೊಗೆ ಕೈ ಮುಗಿದು, ಹೊಳೆಯುವ ಹೊಸ ಡಬ್ಬದಲ್ಲಿ ಪುಡಿ ತುಂಬಿ ಬೆಲ್ಲದ ಪಕ್ಕ ಇಟ್ಟ.

ಆಮೇಲೆ ಬಂದವರಿಗೆಲ್ಲ ತಾನೇ ಹೇಳಿದ, ಹಳೆಯ ಪುಡಿಗೆ ಊದುಬತ್ತಿ ವಾಸನೆ ಹಿಡಿದಿತ್ತು, ಉಳಿದಿದ್ದರೆ ತನ್ನಿ, ಹೊಸದು ಕೊಡುತ್ತೇನೆ, ನಾನೇ ಉಂಡು ನೋಡಿದ್ದೇನೆ ಎಂದು. ಸೇಟು ಉಂಡನಂತೆ ಎನ್ನುವ ಸುದ್ದಿ ಕೋಟೆಬೆಟ್ಟದ ಕೆಳಗಿನ ಬೀದಿಬೀದಿಗೂ ಹರಡಿತು. ಅಲ್ಲಿಂದ ಜನರ ಬಾಯಿಗೆ ಹಾಕಿದ್ದ ಬೀಗ ಕಳಚಿತು ನೋಡಿ. ತಲೆಮಾಂಸಕ್ಕೆ ಮೆಣಸು ಜಾಸ್ತಿ ಬೇಕು ಎಂದು ಒಬ್ಬಳು, ಕೈಮಾ ಉಂಡೆಗೆ ಕಡಲೆ ಹಿಟ್ಟು ಎಷ್ಟು ಹಾಕಬೇಕು ಎಂದು ಇನ್ನೊಬ್ಬಳು ಅವನ ಮುಂದೆಯೇ ವಾದಕ್ಕಿಳಿದರು. ಪೂನಾರಾಮನ ಕಿವಿ ಕೆಂಪಾಯಿತು. ಆದರೂ ಹ್ಞೂಂಗುಟ್ಟುತ್ತ ಕೇಳಿಸಿಕೊಂಡ, ಕೇಳುತ್ತ ಕೇಳುತ್ತ ಮೆಣಸನ್ನೂ ಕಡಲೆ ಹಿಟ್ಟನ್ನೂ ಅಳೆದು ಕೊಟ್ಟ. ಅವನಿಗೆ ಬಾಯಿಲ್ಲ ಎಂದವರು ಯಾರೋ, ಕಿವಿಯಂತೂ ಇತ್ತು. ಇಷ್ಟು ವರ್ಷದಲ್ಲಿ ಅವನು ಇಷ್ಟು ಖುಷಿಯಾಗಿ ವ್ಯಾಪಾರ ಮಾಡಿರಲಿಲ್ಲ.

ಹೊಸತೊಡಕಿನ ದಿನ ಬೆಳಕು ಹರಿಯುವಾಗಲೇ ಅಂಗಡಿಯ ಮುಂದೆ ಸಾಲು ನಿಂತಿತು. ಮಟನ್ ಅಂಗಡಿಯಿಂದ ನೇರವಾಗಿ ಬಂದವರು ಕೈಚೀಲವನ್ನು ಬೆನ್ನ ಹಿಂದೆ ಹಿಡಿದು, ಮೊದಲಿನಂತೆಯೇ ಮರ್ಯಾದೆಯಿಂದ ನಿಂತಿದ್ದರು. ಆ ಸಾಲಿನ ಪಕ್ಕಕ್ಕೆ ಅಣ್ಣನ ಕಾರು ಬಂದು ನಿಂತಿತು.

ಅಣ್ಣ ಬಂದರೆ ತಮ್ಮ ಗಲ್ಲಾದ ಪೀಠದಿಂದ ಏಳಬೇಕು, ಅಣ್ಣ ಕೂರಬೇಕು. ಅದು ಅವರ ಮನೆತನದ ಪದ್ಧತಿ, ಮಕ್ಕಳ ಅಂಗಡಿಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಪೂನಾರಾಮ್ ಎದ್ದು ಪಕ್ಕಕ್ಕೆ ನಿಂತ. ನೇಮಾರಾಮ್ ಒಳಗೆ ಬಂದ, ಕೂರಲಿಲ್ಲ. ಅವನ ಕಣ್ಣು ನೇರ ಫೋಟೊದ ಕೆಳಗಿನ ಡಬ್ಬದ ಮೇಲೆ ಬಿತ್ತು. ಸಾಲಿನಲ್ಲಿದ್ದವರಿಗೂ ಏನೋ ನಡೆಯುತ್ತಿದೆ ಎಂದು ತಿಳಿದು ಗದ್ದಲ ನಿಂತಿತು. ಗಿರಾಕಿ ಎದುರಿಗಿದ್ದಾಗ ಅಣ್ಣತಮ್ಮಂದಿರು ತಮ್ಮ ಭಾಷೆ ಆಡುವಂತಿಲ್ಲ, ರೇಟು ಏರಿಸಲು ಗುಟ್ಟು ಮಾತಾಡುತ್ತಾರೆ ಎಂದು ಜನ ತಿಳಿಯುತ್ತಾರೆ. ಅದಕ್ಕೇ ಅಣ್ಣ ಕನ್ನಡದಲ್ಲೇ, ಮೆಲ್ಲಗೆ ಕೇಳಿದ.

“ಯಾರನ್ ಕೇಳಿ ಅಲ್ಲಿಟ್ಟೆ?”

ಪೂನಾರಾಮ್ ಹಿಂದಿನ ಕೋಣೆಯ ಕತೆ, ಊದುಬತ್ತಿಯ ಕತೆ, ತಾನು ಉಂಡ ಕತೆ ಎಲ್ಲವನ್ನೂ ಹೇಳಿದ. ಅಣ್ಣ ಕಣ್ಣು ಕಿರಿದು ಮಾಡಿ, ಉಂಡೆಯಾ ಎಂದ. ಕಾಳಿನ ಸಾರು ಎಂದ ತಮ್ಮ. ಸಾಲಿನಲ್ಲಿದ್ದ ಆಂಜಿನಮ್ಮ, ಹೊಸ ಪಾತ್ರೆಯಲ್ಲಿ ಮಾಡಿದ್ದು ಕಣಪ್ಪ ಎಂದು ಸಾಕ್ಷಿ ಹೇಳಿದಳು. ಪೂನಾರಾಮನಿಗೆ ಈಗ ಆಡದಿದ್ದರೆ ಇನ್ನೆಂದೂ ಆಡಲಾರೆ ಎನ್ನಿಸಿತು.

“ಅಣ್ಣಾ, ಇವ್ರು ನನ್ ಹತ್ರ ಊಟದ ಮಾತೇ ಆಡ್ತಿರ್ಲಿಲ್ಲ. ಈಗ ಆಡ್ತಾವ್ರೆ. ಪುಡಿ ಅಲ್ಲೇ ಇರ್ತದೆ. ನಾನೂ ಇಲ್ಲೇ ಇರ್ತೀನಿ.”

ಅಣ್ಣನಿಗೆ ಎದುರಾಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ನೇಮಾರಾಮ್ ಡಬ್ಬ ನೋಡಿದ, ಫೋಟೊ ನೋಡಿದ, ಸಾಲು ನೋಡಿದ. ತಿರುಗಿ ಹೊರಗೆ ಹೋಗಿಬಿಟ್ಟ. ಕಾರಿನ ಬಳಿ ನಿಂತು ಯಾರಿಗೋ ಫೋನು ಮಾಡುತ್ತಿರುವುದು ಕಂಡಿತು. ಪೂನಾರಾಮ್ ಅತ್ತಲೇ ನೋಡಿದ. ಆದರೆ ಜನರನ್ನು ಎಷ್ಟು ಹೊತ್ತು ನಿಲ್ಲಿಸುವುದು? ಪೀಠದಲ್ಲಿ ಕೂತು, ತಲೆ ತಗ್ಗಿಸಿ, ಒಬ್ಬೊಬ್ಬರಿಗೂ ತೂಗಿ ಕೊಡತೊಡಗಿದ. ಕಾರು ಹೊರಡುವ ಸದ್ದಿಗೆ ಕಿವಿಯಿಟ್ಟಿದ್ದ. ಸದ್ದು ಬರಲಿಲ್ಲ. ಕೈ ತೂಗುತ್ತಲೇ ಇತ್ತು, ಸಾಲು ಸರಿಯುತ್ತಲೇ ಇತ್ತು.

“ಕಾಲು ಕೇಜಿ ಬಾಡಿನ ಪುಡಿ ಕೊಡಿ, ಸೇಟು.”

ತಲೆ ಎತ್ತಿದ. ಕಟ್ಟೆಯ ಆಚೆ, ಸಾಲಿನಲ್ಲಿ ಸರದಿ ಬಂದು ಅಣ್ಣ ನಿಂತಿದ್ದ. ಕೈಯಲ್ಲಿ ದುಡ್ಡು ಹಿಡಿದಿದ್ದ. ಪೂನಾರಾಮ್ ಗಡಬಡಿಸಿ ಏಳಲು ಹೋದ. ಅಣ್ಣ ಕೈ ಅಡ್ಡ ಮಾಡಿದ.

“ಕೂತ್ಕಳಿ. ಅಂಗಡಿಯೋರು ಎದ್ರೆ ತೂಗೋರ್ಯಾರು?”

ಪೂನಾರಾಮ್ ಕೂತ. ಕಣ್ಣು ಮಂಜಾಗಿ ತಕ್ಕಡಿಯ ಅಂಕಿ ಕಾಣಲಿಲ್ಲ. ಯಾರಿಗಣ್ಣಾ ಪುಡಿ ಎಂದು ಹೇಗೋ ಕೇಳಿದ.

“ಮನೆಗೆ. ಕಾಳು ನೆನೆ ಹಾಕು ಅಂತ ನಿಮ್ ಅತ್ತಿಗೆಗೆ ಈಗ್ ತಾನೆ ಫೋನ್ ಮಾಡ್ದೆ.”

ಪೂನಾರಾಮ್ ಪುಡಿ ತೂಗಿದ, ಪೊಟ್ಟಣ ಕಟ್ಟಿ ಎರಡೂ ಕೈಯಲ್ಲಿ ಕೊಟ್ಟ, ದುಡ್ಡು ಇಸಿದುಕೊಂಡ. ಹಿಂದಿನವರು ಆಗಲೇ ಗೊಣಗುತ್ತಿದ್ದರು, ಒಲೆಯ ಮೇಲೆ ಎಸರು ಇಟ್ಟು ಬಂದವರು. ಅಣ್ಣ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ.